ಹೊಗೆಯಿಲ್ಲದ ಸಾಂಗತ್ಯ

ಸಿಗರೇಟು ಬಿಟ್ಟವನನ್ನು ಕಂಡಾಗ ಲೋಕವು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಬಿಟ್ಟುದು ಹೇಗೆ ಎಂಬುದು; ಬಿಟ್ಟ ಮೇಲೆ ಹಾಗೆಯೇ ಉಳಿದುದು ಹೇಗೆ ಎಂದು ಕೇಳುವವರು ವಿರಳ. ನನ್ನ ಅನುಭವದಲ್ಲಿ ಮೊದಲನೆಯದಕ್ಕಿಂತ ಎರಡನೆಯದೇ ಕಠಿನವಾದುದು. ಮನಸ್ಸು ಪ್ರಸನ್ನವಾಗಿರುವಾಗ, ಹಬ್ಬದ ಮರುದಿನವೋ ಮೊಮ್ಮಗಳ ನಾಮಕರಣದಂದೋ, ಅರ್ಧ ಉಳಿದ ಪ್ಯಾಕನ್ನು ಚರಂಡಿಗೆ ಎಸೆದು ಕೈ ಕೊಡವಿಕೊಳ್ಳುವುದು ಯಾರಿಗೂ ಅಸಾಧ್ಯವಲ್ಲ. ನನಗೆ ಪರಿಚಿತರಾದ ಧೂಮಪಾನಿಗಳಲ್ಲಿ ಒಮ್ಮೆಯಾದರೂ ಹೀಗೆ ಎಸೆಯದೆ ಇದ್ದವರೇ ಇಲ್ಲ. ಆದರೆ ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಾಗ, ಅಣ್ಣತಮ್ಮಂದಿರ ನಡುವೆ ಪಾಲುಪಾರೀಕತ್ತಿನ ಮಾತು ಬಂದಾಗ, ಆಶ್ರಯಿಸಿದ ಉದ್ಯೋಗವೇ ಅಲುಗಾಡತೊಡಗಿದಾಗ, ವರ್ಷಗಟ್ಟಲೆ ಅದನ್ನು ಮುಟ್ಟದಿದ್ದವನ ಕೈಯೂ ತನಗೆ ತಾನೇ ಅಂಗಿಯ ಜೇಬನ್ನು ತಡವಿ ನೋಡುತ್ತದೆ.

ಇದು ಶರೀರದ ಬೇಡಿಕೆಯೆಂದು ಬಹುಮಂದಿ ತಿಳಿದಿದ್ದಾರೆ. ವೈದ್ಯಶಾಸ್ತ್ರ ಹಾಗೆ ಹೇಳುವುದಿಲ್ಲ. ಎಳೆದ ಹೊಗೆಯಲ್ಲಿನ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡುಗಳೊಳಗೆ ಮಿದುಳನ್ನು ಮುಟ್ಟುತ್ತದೆಯಾದರೂ, ರಕ್ತದಲ್ಲಿ ಅದರ ಪ್ರಮಾಣ ಸುಮಾರು ಎರಡು ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಬಿಟ್ಟವನ ತಳಮಳ ಮೊದಲ ಎರಡು ಮೂರು ದಿನಗಳಲ್ಲಿ ಉಲ್ಬಣವಾಗಿದ್ದು, ಎರಡರಿಂದ ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಶಮನವಾಗುತ್ತದೆ. ಸಿಗರೇಟು ಮನಸ್ಸಿಗೆ ಶಾಂತಿ ಕೊಡುತ್ತದೆಂದು ನಾವು ಭಾವಿಸುವುದು ಸಹ, ಹಿಂದಿನ ಸಿಗರೇಟು ಹುಟ್ಟಿಸಿದ ಚಡಪಡಿಕೆಯನ್ನು ಮುಂದಿನದು ತಣಿಸುವುದರಿಂದ ಬಂದ ಭಾವನೆಯೇ ಬಹುಪಾಲು. ಹಾಗಿದ್ದ ಮೇಲೆ, ಬಿಟ್ಟು ಎಷ್ಟೋ ಕಾಲವಾದ ಬಳಿಕ ಆಸ್ಪತ್ರೆಯ ಜಗಲಿಯಲ್ಲಿ ಥಟ್ಟನೆ ಏಳುವ ಆಸೆ ರಕ್ತದಿಂದ ಬಂದುದಲ್ಲ, ಸ್ಮೃತಿಯಿಂದ ಬಂದುದು.

ಆ ಸ್ಮೃತಿಯಲ್ಲಿ ಇರುವುದಾದರೂ ಏನು? ಮೈಸೂರಿನ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವ ಉದ್ಯೋಗ ನನ್ನದಾಗಿತ್ತು. ಸೀಸದ ಮೊಳೆಗಳ ಕಾಲದಿಂದ ಕಂಪ್ಯೂಟರಿನ ಕಾಲದವರೆಗೂ ಒಂದು ಪದ್ಧತಿ ಮಾತ್ರ ಅಲ್ಲಿ ಬದಲಾಗಲಿಲ್ಲ: ಒಂದು ಫಾರಮಿನ ಕರಡು ಮುಗಿದ ಕೂಡಲೆ ಹಿತ್ತಲ ಬಾಗಿಲಿಗೆ ಹೋಗಿ, ಮೊಳೆ ಜೋಡಿಸುವವರೊಡನೆಯೋ ಯಂತ್ರ ನಡೆಸುವವರೊಡನೆಯೋ ನಿಂತು ಒಂದು ಸಿಗರೇಟು ಸುಡುವುದು. ಒಬ್ಬರ ಮಗನಿಗೆ ಸೀಟು ಸಿಗದಿದ್ದುದು, ಮತ್ತೊಬ್ಬರ ಹೆಂಡತಿಯ ಗರ್ಭಕೋಶದ ಆಪರೇಷನ್ನು, ಮಗದೊಬ್ಬರ ಕೈಸಾಲ, ಇವೆಲ್ಲ ನನಗೆ ತಿಳಿದದ್ದು ಆ ಬಾಗಿಲಲ್ಲಿ. ನಮ್ಮ ಕಡೆಯ ಗಂಡಸರು ಎದುರುಬದುರಾಗಿ ಕುಳಿತು ದುಃಖವನ್ನು ಹೇಳಿಕೊಳ್ಳಲಾರರು. ಪಕ್ಕಪಕ್ಕದಲ್ಲಿ ನಿಂತು, ಬೇರೆಲ್ಲಿಗೋ ನೋಡುತ್ತ, ಕೈಗೊಂದು ಕೆಲಸವನ್ನಿಟ್ಟುಕೊಂಡರೆ ಹೇಳಬಲ್ಲರು. ಸಿಗರೇಟು ಕೊಡುತ್ತಿದ್ದುದು ಆ ಕೆಲಸವನ್ನು, ಮತ್ತು ಹೊರಗೆ ಹೋಗಿ ನಿಲ್ಲುವುದಕ್ಕೆ ಒಂದು ನೆಪವನ್ನು. ಬಿಟ್ಟವನು ಕಳೆದುಕೊಳ್ಳುವುದು ಹೊಗೆಯನ್ನಲ್ಲ, ಆ ಬಾಗಿಲನ್ನು. ಕಷ್ಟಕಾಲದಲ್ಲಿ ಅವನಿಗೆ ನೆನಪಾಗುವುದೂ ಅದೇ. ಸಾವಿನ ಮನೆಯ ಮುಂದೆ ನಿಂತವನಿಗೆ ಸಿಗರೇಟು ಚಾಚುವ ಕೈ ಶತ್ರುವಿನದಾಗಿರುವುದಿಲ್ಲ. ಅದು ನಮ್ಮ ಮೇಲೆ ಅಂತಃಕರಣವುಳ್ಳವರದೇ ಆಗಿರುತ್ತದೆ, ಆದುದರಿಂದಲೇ ಅದನ್ನು ತಳ್ಳುವುದು ಅಷ್ಟು ಕಷ್ಟ.

ಇದನ್ನು ನಾನು ಒಬ್ಬನೇ ಕುಳಿತು ಚಿಂತಿಸಿ ಕಂಡುಕೊಂಡವನಲ್ಲ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ತಿರುಗಾಡಲು ಬರುತ್ತಿದ್ದ ನಾವು ನಾಲ್ವರು, ಹೆಚ್ಚುಕಡಮೆ ಒಂದೇ ಕಾಲದಲ್ಲಿ ವೈದ್ಯರಿಂದ ಬೈಸಿಕೊಂಡವರು, ಯಾವ ಉದ್ಘಾಟನೆಯೂ ಹೆಸರೂ ಇಲ್ಲದೆ ಒಂದು ಕೂಟವಾದೆವು: ನಿವೃತ್ತರಾದ ಡ್ರಿಲ್ ಮೇಷ್ಟ್ರು, ಒಬ್ಬ ಬಸ್ ಕಂಡಕ್ಟರು, ಪಿರಿಯಾಪಟ್ಟಣದ ಕಡೆಯಿಂದ ಬಂದು ಸಹಕಾರಿ ಬ್ಯಾಂಕಿನಲ್ಲಿದ್ದ ಗೌಡರು, ಮತ್ತು ನಾನು. ಮೇಷ್ಟ್ರು ಸ್ವಭಾವಾನುಸಾರ ಅನೇಕ ನಿಯಮಗಳನ್ನು ಸೂಚಿಸಿದರು. ಅವುಗಳಲ್ಲಿ ಉಳಿದುದು ಒಂದೇ, ಅದೂ ಕಂಡಕ್ಟರದು. “ಸೇದಿದ್ಮೇಲೆ ಹೇಳೋದಲ್ಲ ಸ್ವಾಮಿ, ಸೇದೋಕ್ಮುಂಚೆ ಹೇಳೋದು” ಎಂದರು ಅವರು. ಯಾವ ಹೊತ್ತಿನಲ್ಲಾದರೂ ಸರಿ, ಕಡ್ಡಿ ಗೀರುವ ಮೊದಲು ಒಬ್ಬರಿಗೆ ಫೋನು ಮಾಡತಕ್ಕದ್ದು. ಆ ಮೇಲೆ ಸೇದುವುದು ಬಿಡುವುದು ಅವರವರ ಇಷ್ಟ. ಆಸೆಯ ಒಂದು ಅಲೆ ಕೆಲವೇ ನಿಮಿಷಗಳಲ್ಲಿ ತಾನಾಗಿ ಇಳಿಯುವಂಥದು, ಒಂದು ಫೋನಿನ ಮಾತು ಮುಗಿಯುವುದಕ್ಕೂ ಅಷ್ಟೇ ಸಮಯ ಹಿಡಿಯುತ್ತದೆ. ಕಂಡಕ್ಟರು ಯಾವ ಶಾಸ್ತ್ರಗ್ರಂಥವನ್ನೂ ಓದಿರಲಿಲ್ಲವಾದರೂ ಅವರ ನಿಯಮಕ್ಕೆ ಶಾಸ್ತ್ರದ ಬೆಂಬಲವಿತ್ತು.

ಇತಿಹಾಸದ ಬೆಂಬಲವೂ ಇತ್ತೆಂಬುದು ನನಗೆ ಆಮೇಲೆ ಓದಿ ತಿಳಿಯಿತು. 1935ರಲ್ಲಿ ಅಮೆರಿಕೆಯ ಒಹಾಯೊ ಪ್ರಾಂತದ ಆಕ್ರನ್ ಎಂಬ ಊರಿನಲ್ಲಿ, ಕೈಗೊಂಡ ವ್ಯವಹಾರ ಕೆಟ್ಟು ಹತಾಶನಾಗಿ ಹೋಟೆಲಿನಲ್ಲಿ ನಿಂತಿದ್ದ ಬಿಲ್ ವಿಲ್ಸನ್ ಎಂಬಾತನು, ಕೆಲವೇ ತಿಂಗಳುಗಳ ಹಿಂದೆ ಮದ್ಯವನ್ನು ಬಿಟ್ಟವನು, ಒಂದು ಪಕ್ಕದಲ್ಲಿ ಪಾನಗೃಹದ ಗದ್ದಲ ಕೇಳಿಸುತ್ತಿರಲು, ತನ್ನಂತೆಯೇ ಕುಡಿತದಿಂದ ಬಳಲುತ್ತಿರುವ ಇನ್ನೊಬ್ಬನೊಡನೆ ಮಾತನಾಡಬೇಕೆಂದು ಊರಿನವರಿಗೆ ಫೋನು ಮಾಡತೊಡಗಿದನು. ಹಾಗೆ ದೊರೆತ ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನ ಜೊತೆಗೂಡಿ ಅವನು ಆರಂಭಿಸಿದುದೇ ಮುಂದೆ ಲೋಕವ್ಯಾಪಿಯಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘ. ಇನ್ನೊಬ್ಬನನ್ನು ಉದ್ಧರಿಸುವುದಕ್ಕಲ್ಲ, ತಾನು ಉಳಿಯುವುದಕ್ಕೆ ಅವನಿಗೆ ಇನ್ನೊಬ್ಬ ಬೇಕಾಗಿದ್ದನು. ವಿಪರ್ಯಾಸವೆಂದರೆ, ಮದ್ಯವನ್ನು ಅಷ್ಟು ಗಟ್ಟಿಯಾಗಿ ತೊರೆದ ಆ ಮಹಾನುಭಾವ ಸಿಗರೇಟನ್ನು ದೀರ್ಘಕಾಲ ಬಿಡಲಾರದೆ, 1971ರಲ್ಲಿ ಶ್ವಾಸಕೋಶದ ರೋಗದಿಂದಲೇ ತೀರಿಕೊಂಡನು. ಈ ಕಥೆಯ ಕೊನೆಯನ್ನು ನಾನು ಏರಿಯ ಮೇಲೆ ಹೇಳಿದಾಗ ಡ್ರಿಲ್ ಮೇಷ್ಟ್ರು, “ಹಾಗಾದರೆ ನಾವು ಅವನಿಗಿಂತ ಒಂದು ಕೈ ಮೇಲು ಅನ್ನಿ” ಎಂದು ಬಹಳ ಸಂತೋಷಪಟ್ಟರು.

ಕೂಟದಿಂದ ದೊರೆತ ಮೊದಲ ಪ್ರಯೋಜನ ಸಾಂತ್ವನವಲ್ಲ, ಜ್ಞಾನ. ಆರಂಭದ ದಿನಗಳಲ್ಲಿ ನನಗೆ ಎದೆ ಡವಡವ ಎನ್ನುವುದು, ಕೈ ನಡುಗುವುದು, ರಾತ್ರಿ ನಿದ್ದೆ ಹತ್ತದಿರುವುದು ಇವೆಲ್ಲ ಇದ್ದು, ಇದೆಲ್ಲ ಸಿಗರೇಟಿಲ್ಲದ ಸಂಕಟವೆಂದೇ ನಂಬಿದ್ದೆ. ಗೌಡರಿಗೂ ಹಾಗೆಯೇ ಆಗುತ್ತಿತ್ತು. ಅವರ ವೈದ್ಯರು ಮೊದಲು ಕೇಳಿದ್ದು ಕಾಫಿಯ ಲೆಕ್ಕವನ್ನಂತೆ. ತಂಬಾಕಿನ ಹೊಗೆ, ಕಾಫಿಯಲ್ಲಿರುವ ಕೆಫೀನನ್ನು ಯಕೃತ್ತು ಬೇಗಬೇಗ ಅರಗಿಸುವಂತೆ ಮಾಡುತ್ತದೆ. ಹೊಗೆ ನಿಂತ ಮೇಲೆ ಆ ವೇಗ ತಗ್ಗಿ, ಅದೇ ಎರಡು ಲೋಟ ಫಿಲ್ಟರ್ ಕಾಫಿ ಮೂರು ನಾಲ್ಕು ಲೋಟದಷ್ಟು ಕೆಲಸ ಮಾಡತೊಡಗುತ್ತದೆ. ಕಾಫಿಯನ್ನು ಅರ್ಧಕ್ಕೆ ಇಳಿಸಿದ ವಾರದೊಳಗೆ ನನ್ನ ನಿದ್ದೆ ಮರಳಿತು. ಮೈಸೂರಿನವನಿಗೆ ಒಂದೇ ತಿಂಗಳಲ್ಲಿ ಸಿಗರೇಟನ್ನೂ ಅರ್ಧ ಕಾಫಿಯನ್ನೂ ಬಿಡುವಂತೆ ಹೇಳುವುದು ಕ್ರೌರ್ಯವೆಂಬ ನನ್ನ ಅಭಿಪ್ರಾಯ ಮಾತ್ರ ಇಂದಿಗೂ ಬದಲಾಗಿಲ್ಲ.

ಗೌಡರ ವಿಷಯ ಇನ್ನೂ ಸ್ವಾರಸ್ಯವಾದುದು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳು ಸಿಗರೇಟಿನ ವರ್ಜೀನಿಯಾ ತಂಬಾಕಿಗೆ ಹೆಸರಾದ ಸೀಮೆ. ಅವರ ಅಣ್ಣಂದಿರು ತಂಬಾಕು ಮಂಡಳಿಯ ಲೈಸೆನ್ಸು ಪಡೆದು ಹೊಗೆಸೊಪ್ಪು ಬೆಳೆಯುವವರು. ಮಳೆಗಾಲದಲ್ಲಿ ಎಲೆ ಮುರಿದು, ಕಡ್ಡಿಗೆ ಪೋಣಿಸಿ, ಬ್ಯಾರನ್ನಿನಲ್ಲಿ ತೂಗುಹಾಕಿ, ಸೌದೆಯ ಬೆಂಕಿಯ ಕಾವಿನಲ್ಲಿ ಹಗಲಿರುಳು ಕಾದು ಹದಮಾಡುವ ಆ ಕೆಲಸದಲ್ಲಿ, ನೆನೆದ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಗಿಳಿದು ಎಲೆ ಮುರಿಯುವವರಿಗೆ ತಲೆಸುತ್ತು ವಾಂತಿ ಬರುವುದನ್ನು ಗೌಡರು ಬಾಲ್ಯದಲ್ಲೇ ಕಂಡಿದ್ದರು. ಊರಿಗೆ ಹೋದರೆ ಹರಾಜಿನ ಬೆಲೆಯ ಮಾತು, ಮರಳಿ ಬಂದರೆ ಏರಿಯ ಮೇಲೆ ನಾವು ಕೂರುತ್ತಿದ್ದ ಬೆಂಚು. “ನಮ್ಮನೇ ಅನ್ನಾನೇ ಅದು ರಾಯರೇ, ಬೈಯೋಕಾಗಲ್ಲ, ಆದ್ರೆ ಸೇದೋಕೂ ಆಗಲ್ಲ” ಎನ್ನುತ್ತಿದ್ದರು. ಅವರ ಮುಂದೆ ತಂಬಾಕನ್ನು ಶಪಿಸುವ ವಾಗ್ಝರಿಯನ್ನು ನಾವೆಲ್ಲರೂ ಬಿಟ್ಟುಬಿಟ್ಟೆವು, ಅದರಿಂದ ಕೂಟದ ಮಾತು ಎಷ್ಟೋ ಹಗುರವಾಯಿತು.

ನನ್ನ ಪರೀಕ್ಷೆ ಬಂದುದು ಅಣ್ಣನಿಗೆ ಲಕ್ವ ಹೊಡೆದಾಗ. ಆಸ್ಪತ್ರೆಯಲ್ಲಿ ರಾತ್ರಿ ಕಾಯುವ ಸರದಿ ನನ್ನದು ಮತ್ತು ಅತ್ತಿಗೆಯ ತಮ್ಮನದು. ಎದುರಿಗಿದ್ದ ಗೂಡಂಗಡಿಯ ಕಂಬದಿಂದ ಒಂದು ತೆಂಗಿನ ನಾರಿನ ಹಗ್ಗ ಇಳಿಬಿದ್ದಿತ್ತು; ಅದರ ತುದಿಯಲ್ಲಿ ಕೆಂಡ ಸದಾ ಜೀವಂತವಾಗಿದ್ದು, ಬಂದವರು ಅದನ್ನು ಎತ್ತಿ ಬಾಯಿಯ ಬಳಿ ಹಿಡಿದು ಹೊತ್ತಿಸಿಕೊಂಡು ಬಿಡುತ್ತಿದ್ದರು, ಅದು ತೂಗಾಡಿ ತೂಗಾಡಿ ನಿಲ್ಲುತ್ತಿತ್ತು. ವೈದ್ಯರು ಬಂದು, ನಾಳೆಯವರೆಗೆ ಏನನ್ನೂ ಹೇಳಲಾಗದೆಂದು ಹೇಳಿಹೋದ ರಾತ್ರಿ, ಅತ್ತಿಗೆಯ ತಮ್ಮ ನನ್ನನ್ನು ಆ ಅಂಗಡಿಗೆ ಕರೆದುಕೊಂಡು ಹೋಗಿ, ಎರಡು ಸಿಗರೇಟು ಕೊಂಡು, ಒಂದನ್ನು ನನ್ನ ಕಡೆ ಚಾಚಿ, “ತೊಗೊಳ್ಳಿ ಭಾವ, ಇಂಥ ಹೊತ್ನಲ್ಲಿ ಒಂದು ಸೇದಿದ್ರೆ ಏನೂ ಆಗಲ್ಲ” ಎಂದನು. ಅವನ ಕಣ್ಣು ಒದ್ದೆಯಾಗಿತ್ತು. ನಾನು ಸಿಗರೇಟನ್ನು ಬೆರಳಲ್ಲಿ ಹಿಡಿದುಕೊಂಡೇ ಕಂಡಕ್ಟರಿಗೆ ಫೋನು ಮಾಡಿದೆ.

ಅವರು ಉಪದೇಶ ಮಾಡಲಿಲ್ಲ. “ಎಲ್ಲಿದೀರಿ?” ಎಂದು ಕೇಳಿ, ಸ್ಕೂಟರ್ ಹತ್ತಿ ಬಂದರು, ಬರುವಾಗ ಮನೆಯಲ್ಲಿದ್ದ ಹುರಿದ ಕಡಲೆಕಾಯಿಯನ್ನು ಒಂದು ಕೈಚೀಲದ ತುಂಬ ತಂದಿದ್ದರು. ನಾವು ಮೂವರೂ ಕಾಂಪೌಂಡಿನ ಗೋಡೆಗೆ ಒರಗಿ ನಿಂತೆವು. ಹೆಬ್ಬೆರಳಿನಿಂದ ಸಿಪ್ಪೆ ಒಡೆಯುವುದು, ಬೀಜವನ್ನು ಅಂಗೈಯಲ್ಲಿ ಉಜ್ಜುವುದು, ಕೆಂಪು ಹೊಟ್ಟನ್ನು ಉಫ್ ಎಂದು ಊದುವುದು, ಎರಡು ಮಾತು, ಮತ್ತೆ ಸಿಪ್ಪೆ. ಅಣ್ಣ ಚಿಕ್ಕಂದಿನಲ್ಲಿ ನನಗೆ ಸೈಕಲ್ಲು ಕಲಿಸಿದ್ದು, ಅಪ್ಪ ಸತ್ತ ವರ್ಷ ಓದು ಬಿಟ್ಟು ಕೆಲಸಕ್ಕೆ ಸೇರಿದ್ದು, ಯಾರೊಡನೆಯೂ ಆಡದಿದ್ದ ಮಾತುಗಳು ಬಂದವು. ಅತ್ತಿಗೆಯ ತಮ್ಮ ತನ್ನ ಸಿಗರೇಟನ್ನು ಸೇದಿ ಮುಗಿಸಿದ್ದನು. ಎರಡನೆಯದನ್ನು ಕೊಳ್ಳಲು ಮರೆತು ಅವನೂ ಕಡಲೆಕಾಯಿ ಬಿಡಿಸುತ್ತ ನಿಂತನು. ನನ್ನ ಕೈಯಲ್ಲಿದ್ದುದು ಯಾವಾಗ ಕೆಳಗೆ ಬಿದ್ದು ಸಿಪ್ಪೆಯಲ್ಲಿ ಸೇರಿತೋ ತಿಳಿಯದು. ಅಣ್ಣ ಆ ವಾರವೇ ಹೋದನು. ಉತ್ತರಕ್ರಿಯೆಯ ಅಷ್ಟು ದಿನವೂ ನಮ್ಮ ಬೆಂಚಿನವರಲ್ಲಿ ಒಬ್ಬರಲ್ಲ ಒಬ್ಬರು ಸಂಜೆಯ ಹೊತ್ತಿಗೆ ಬಂದು, “ಬನ್ನಿ ರಾಯರೇ, ಬೀದಿ ಕೊನೇ ತನಕ ಹೋಗಿಬರೋಣ” ಎಂದು ನನ್ನನ್ನು ಹೊರಗೆ ಕರೆದೊಯ್ಯುತ್ತಿದ್ದರು. ನನಗೆ ಬೇಕಾಗಿದ್ದ ಬಾಗಿಲು ಅದೇ.

ಎಲ್ಲವೂ ಹೀಗೆಯೇ ಸುಗಮವಾಗಿ ನಡೆಯಿತೆಂದು ಹೇಳಿದರೆ ಸುಳ್ಳಾದೀತು. ಕಂಡಕ್ಟರ ಮಗಳ ನಿಶ್ಚಿತಾರ್ಥ ಮುರಿದುಬಿದ್ದಾಗ, ನಿಯಮವನ್ನು ಮಾಡಿದವರೇ ಯಾರಿಗೂ ಫೋನು ಮಾಡದೆ ಸೇದಿದರು, ಮತ್ತು ಏರಿಗೆ ಬರುವುದನ್ನೂ ನಿಲ್ಲಿಸಿದರು. ಡ್ರಿಲ್ ಮೇಷ್ಟ್ರು ಕೆರಳಿ, ಶಿಸ್ತಿಲ್ಲದ ಮೇಲೆ ಕೂಟವೇಕೆಂದು ಗುಡುಗಿದರು. ಗೌಡರು ಮಾತ್ರ ಕಂಡಕ್ಟರ ಮನೆಗೆ ಹೋಗಿ ಕುಳಿತು, ಮಗಳ ವಿಷಯ ಮಾತಾಡಿ, ಏಳುವಾಗ, “ಪ್ಯಾಕಿನಲ್ಲಿ ಎಷ್ಟು ಉಳಿದವೆ?” ಎಂದರಂತೆ. “ನಾಲ್ಕು.” “ಹಂಗಾದ್ರೆ ನಾಳೆ ಬೆಳಿಗ್ಗೆ ಅವನ್ನೂ ಕರ್ಕೊಂಡು ಬನ್ನಿ.” ಮರುದಿನ ಅವರು ಪ್ಯಾಕಿನೊಡನೆ ಬಂದರು. ಒಂದು ಬಾರಿ ಸೇದಿದವನು ಹಳೆಯ ವ್ಯಸನಕ್ಕೆ ಮರಳಿದನೆಂದು ಅರ್ಥವಲ್ಲ. ನಾಚಿಕೊಂಡು ಗೆಳೆಯರ ಕಣ್ಣು ತಪ್ಪಿಸತೊಡಗಿದಾಗಲೇ ಅವನು ಮರಳುವುದು. ಮೇಷ್ಟ್ರ ಶಿಸ್ತು ಆ ನಾಚಿಕೆಯನ್ನು ಹೆಚ್ಚಿಸುತ್ತಿತ್ತೇ ಹೊರತು ಸಿಗರೇಟನ್ನು ಕಡಮೆ ಮಾಡುತ್ತಿರಲಿಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ಇದನ್ನು ಅವರಿಗೂ ಹೇಳಿದ್ದೇನೆ, ಅವರು ಒಪ್ಪಿಲ್ಲ.

ಸ್ನೇಹಿತರು ಮಾಡಲಾಗದ ಕೆಲಸವೂ ಉಂಟು. ನಿಕೋಟಿನ್ ಗಮ್ಮನ್ನು ಚೂಯಿಂಗ್ ಗಮ್ಮಿನಂತೆ ಒಂದೇ ಸಮನೆ ಅಗಿದರೆ ಬಿಕ್ಕಳಿಕೆ, ಹೊಟ್ಟೆತೊಳಸು. ನಿಧಾನವಾಗಿ ಅಗಿದು, ನಾಲಿಗೆ ಚುರುಗುಟ್ಟಿದೊಡನೆ ಕೆನ್ನೆಯ ಒಳಬದಿಗೆ ಒತ್ತಿಟ್ಟುಕೊಳ್ಳಬೇಕೆಂಬುದನ್ನು ನಮಗೆ ಕಲಿಸಿದವರು ವೈದ್ಯರು. ಸಿಗರೇಟಿನ ಪ್ಯಾಕಿನ ಮೇಲೆಯೇ ಅಚ್ಚಾಗಿರುವ 1800-11-2356 ಎಂಬ ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿ ಸಮಾಧಾನದಿಂದ ಮಾತಾಡುವ ಸಲಹೆಗಾರರು ಸಿಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಈ ಸೇವೆಯ ಕೇಂದ್ರಗಳಲ್ಲೊಂದು. ಕಂಡಕ್ಟರು ಎರಡನೆಯ ಸಲ ಬಿಟ್ಟುದು ಆ ಸಲಹೆಗಾರರು ಗೊತ್ತುಮಾಡಿಕೊಟ್ಟ ದಿನಾಂಕದಂದು. ನಿದ್ದೆ ಊಟ ಬಿಟ್ಟು, ಬದುಕೇ ಬೇಡವೆಂಬ ಮಾತು ಬಂದರೆ, ಅದು ಬೆಂಚಿನ ಮೇಲೆ ಬಗೆಹರಿಯುವ ವಿಷಯವಲ್ಲ. ಜೊತೆಗೆ ಹೋಗಿ ವೈದ್ಯರ ಬಾಗಿಲಲ್ಲಿ ಕುಳಿತುಕೊಳ್ಳುವುದಷ್ಟೇ ಗೆಳೆಯರ ಪಾಲಿನ ಕೆಲಸ.

ಈಚೆಗೆ ನಮ್ಮ ಬೆಂಚಿಗೆ ಇಂಜಿನಿಯರಿಂಗ್ ಓದುವ ಒಬ್ಬ ಹುಡುಗ ಬರತೊಡಗಿದ್ದಾನೆ. ಅವನ ಚಟ ಸಿಗರೇಟಲ್ಲ, ಬ್ಯಾಟರಿಯ ಆವಿ. 2019ರಲ್ಲಿಯೇ ಕಾನೂನು ನಿಷೇಧಿಸಿದ ಆ ಯಂತ್ರ ಇಂದಿಗೂ ಹಾಸ್ಟೆಲುಗಳಿಗೆ ಹೇಗೋ ಬಂದು ಸೇರುತ್ತಿದೆಯಂತೆ. ಇದು ಧೂಮಪಾನಿಗಳ ಕೂಟವಾದುದರಿಂದ ಇವನಿಗೆ ಪ್ರವೇಶವಿಲ್ಲವೆಂದು ಡ್ರಿಲ್ ಮೇಷ್ಟ್ರು ತಕರಾರು ತೆಗೆದರು. ಅದರಲ್ಲೂ ಇರುವುದು ನಿಕೋಟಿನ್ನೇ ಅಲ್ಲವೇ ಎಂದು ನಾನು ವಾದಿಸಿದೆ. ಗೌಡರು ಇಬ್ಬರ ಮಾತನ್ನೂ ಪಕ್ಕಕ್ಕಿಟ್ಟು, ಪರೀಕ್ಷೆ ಯಾವಾಗಲೆಂದು ಹುಡುಗನನ್ನು ಕೇಳಿದರು. ಬರುವ ಸೋಮವಾರದಿಂದ ಎಂದನು. ಕಂಡಕ್ಟರು ಅವನ ಫೋನು ಇಸಿದುಕೊಂಡು ನಾಲ್ವರ ನಂಬರನ್ನೂ ಸೇರಿಸಿಕೊಟ್ಟರು. ಮೇಷ್ಟ್ರ ನಂಬರನ್ನೇ ಮೊದಲು ಹಾಕಿದರು, ಪರೀಕ್ಷೆಯ ಹಿಂದಿನ ರಾತ್ರಿ ಎಷ್ಟು ಹೊತ್ತಾದರೂ ಎದ್ದಿರುವವರು ನಮ್ಮಲ್ಲಿ ಅವರೊಬ್ಬರೇ ಎಂಬ ಕಾರಣದಿಂದ.