ಮೂರು ಬೀಗದ ಪೆಟ್ಟಿಗೆ



ನಿರಾಶ್ರಿತರು ಅಂದ ಕೂಡಲೇ ನಮಗೆ ಡೇರೆ, ಬೇಲಿ, ಗಂಜಿಯ ಸಾಲು ನೆನಪಾಗುತ್ತದೆ. ಆಫ್ರಿಕಾದ ಉಗಾಂಡದಲ್ಲಿ ಕ್ರಮ ಬೇರೆ. ಪಕ್ಕದ ದಕ್ಷಿಣ ಸುಡಾನಿನಲ್ಲಿ 2013ರಲ್ಲಿ ಅಂತರ್ಯುದ್ಧ ಶುರುವಾಯಿತು. 2016ರಲ್ಲಿ ಅದು ಮತ್ತೆ ಜೋರಾದಾಗ ಗಡಿ ದಾಟಿ ಬಂದವರಿಗೆ ಬಿಡಿಬಿಡಿ ಎಂಬಲ್ಲಿ ನೆಲೆ ಕೊಟ್ಟರು. ಕೆಲವೇ ತಿಂಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ, ಬಹುಪಾಲು ಹೆಂಗಸರು, ಮಕ್ಕಳು. ಕುಟುಂಬಕ್ಕೊಂದು ತುಂಡು ಜಾಗ. ಅಲ್ಲಿಯ 2006ರ ಕಾನೂನಿನಂತೆ ನಿರಾಶ್ರಿತರು ದುಡಿಯಲೂಬಹುದು, ಓಡಾಡಲೂಬಹುದು.

ಜಾಗ ಸಿಕ್ಕಿತು ಸರಿ, ಬೀಜಕ್ಕೆ ದುಡ್ಡು? ಎಲ್ಲ ಬಿಟ್ಟು ಓಡಿ ಬಂದವಳಿಗೆ ಯಾವ ಬ್ಯಾಂಕು ಸಾಲ ಕೊಟ್ಟೀತು? ಅಲ್ಲಿ ಕೈಹಿಡಿದದ್ದು ಉಳಿತಾಯ ಗುಂಪು. ಒಂದು ಪೆಟ್ಟಿಗೆ, ಮೂರು ಬೀಗ. ಕೀಲಿ ಮೂವರ ಹತ್ತಿರ, ಪೆಟ್ಟಿಗೆ ನಾಲ್ಕನೆಯವಳ ಮನೆಯಲ್ಲಿ. ಎಲ್ಲರೂ ಕೂತ ಮೇಲೇ ತೆರೆಯುವುದು, ಎಲ್ಲರೆದುರೇ ಎಣಿಸುವುದು. ಸಾಲವೂ ಆ ಹಣದಿಂದಲೇ. ವರ್ಷದ ಕೊನೆಗೆ ಬಡ್ಡಿಸಮೇತ ಹಂಚಿಕೆ. ಕೆಲವು ಗುಂಪುಗಳಲ್ಲಿ ಆ ಊರಿನ ಹೆಂಗಸರೂ ಇದ್ದಾರೆ. ನೀರಿಗೆ, ಸೌದೆಗೆ ಜಗಳವಾಗುವ ಜಾಗದಲ್ಲಿ ಇದು ಸಣ್ಣ ಮಾತಲ್ಲ ಅಂತ ನಮಗನಿಸುತ್ತದೆ.

ಹಾಗಂತ ಎಲ್ಲ ಸುಸೂತ್ರ ಅಲ್ಲ. ಜಾಗ ಚಿಕ್ಕದು, ಹಲವೆಡೆ ಕಲ್ಲುನೆಲ. 2023ರಲ್ಲಿ ದೇಣಿಗೆ ಸಾಲದೆ ವಿಶ್ವ ಆಹಾರ ಕಾರ್ಯಕ್ರಮದವರು ಪಡಿತರ ಕಡಿಮೆ ಮಾಡಿದರು. ಅಂಥ ತಿಂಗಳಲ್ಲಿ ಪೆಟ್ಟಿಗೆಗೆ ಏನು ಹಾಕುವುದು?

ಸಭೆಯಲ್ಲಿ ಮಾತಾಡಿ: ಹೊರಗಿನಿಂದ ಕೆಲಸಕ್ಕೆ ಬಂದ ಹೆಂಗಸು ನಿಮ್ಮ ಸಂಘಕ್ಕೆ ಸೇರುತ್ತೇನೆ ಅಂದರೆ ಏನು ಹೇಳುತ್ತೀರಿ?