ಕೂಸು ರಾತ್ರಿ ಎದ್ದೇಳತೊಡಗಿದರೆ: ತಾಯಿಗೂ ನಿದ್ದೆ ಸಿಗುವ ಏಳು ಸೂತ್ರ

ಮೂರು ತಿಂಗಳು ತುಂಬುವ ಹೊತ್ತಿಗೆ ಎಷ್ಟೋ ಕೂಸುಗಳು ರಾತ್ರಿ ನಾಲ್ಕೈದು ತಾಸು ಒಂದೇ ಸಮ ಮಲಗುತ್ತವೆ. ನಾಲ್ಕನೆಯ ತಿಂಗಳಲ್ಲಿ ಅದೇ ಕೂಸು ತಾಸಿಗೊಮ್ಮೆ ಎದ್ದು ಅಳುತ್ತದೆ. ಕಲಬುರಗಿಯ ರೋಜಾದ ಓಣಿಯಾಗಲಿ, ಕಮಲಾಪುರದ ಕಡೆಯ ಹಳ್ಳಿಯಾಗಲಿ, ಆಗ ಮೊದಲು ಬರುವ ಮಾತು, “ಕೂಸಿಗಿ ಹಾಲು ಸಾಲವಲ್ದು, ಬಾಟಲಿ ಹಾಕ್ರಿ.” ಆಮೇಲೆ, “ನೆದರ ಆಗ್ಯಾದ.” ಬಹಳ ಸಲ ಎರಡೂ ಅಲ್ಲ. ಕೂಸು ಬೆಳೆಯುತ್ತಿದೆ, ತಾಯಿ ದಣಿಯುತ್ತಿದ್ದಾಳೆ.

1. ಬದಲಾಗುವ ತಿಂಗಳುಗಳನ್ನು ಮೊದಲೇ ತಿಳಿದಿರಿ. ಮೂರು ತಿಂಗಳವರೆಗೆ ದಿನಕ್ಕೆ 14ರಿಂದ 17 ತಾಸು, 4ರಿಂದ 11 ತಿಂಗಳವರೆಗೆ ಹಗಲಿನದೂ ಸೇರಿ 12ರಿಂದ 16 ತಾಸು ನಿದ್ದೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾಲ್ಕನೆಯ ತಿಂಗಳ ಸುಮಾರಿಗೆ ನಿದ್ದೆಯ ರೀತಿ ದೊಡ್ಡವರ ನಿದ್ದೆಯಂತಾಗತೊಡಗುತ್ತದೆ: ಹಗುರ ನಿದ್ದೆ, ಗಾಢ ನಿದ್ದೆ, ಪ್ರತಿ ಸುತ್ತಿನ ಕೊನೆಗೆ ಅರೆ ಎಚ್ಚರ. ಎಂಟರಿಂದ ಹತ್ತನೆಯ ತಿಂಗಳಲ್ಲಿ ತಾಯಿ ಕಣ್ಮರೆಯಾದರೆ ಅಂಜುವ ಕಾಲ. ಈ ಎರಡೂ ಹೊತ್ತಿನ ನಿದ್ದೆಗೇಡು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಿಳಿಯಾಗುತ್ತದೆ.

2. ಹಗಲು ಬೆಳಕು, ರಾತ್ರಿ ಕತ್ತಲೆ. ಬೆಳಿಗ್ಗೆ ಕಿಟಕಿ ತೆರೆಯಿರಿ, ಹಗಲಲ್ಲಿ ಮಾತಾಡಿಸಿ. ರಾತ್ರಿ ಹಾಲೂಡುವಾಗ ಸಣ್ಣ ದೀಪ ಸಾಕು. ಮಾತೂ ಬೇಡ, ಮೊಬೈಲೂ ಬೇಡ. ರಂಜಾನಿನಲ್ಲಿ ಸಹರಿಗೆ ಮನೆಯೆಲ್ಲ ಏಳುತ್ತದೆ, ಕೂಸಿನ ಕೋಣೆಯ ದೀಪವನ್ನಾದರೂ ಹಚ್ಚದಿರಿ.

3. ಪೂರ್ತಿ ನಿದ್ದೆ ಹತ್ತುವ ಮುಂಚೆ ಇಳಿಸಿ. ಕೂಸು ಮುಷ್ಟಿಯಿಂದ ಕಣ್ಣುಜ್ಜಿದಾಗ, ಮುಖ ತಿರುಗಿಸಿದಾಗ, ರೆಪ್ಪೆ ಭಾರವಾದಾಗ ಹಾಸಿಗೆಗೆ ಹಾಕಿ, ಅದರ ಎದೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಕೂರಿ. ತೋಳಲ್ಲೇ ಮಲಗಿದ ಕೂಸು ನಡುರಾತ್ರಿ ಅರೆ ಎಚ್ಚರಾದಾಗ ಅದೇ ತೋಳನ್ನು ಹುಡುಕುತ್ತದೆ. ಮೊದಮೊದಲು ಕೆಲಸ ಮಾಡದು; ಬಿಡಬೇಡಿ.

4. ಮುಲುಗಿದ ಕೂಡಲೇ ಎತ್ತಬೇಡಿ. ಹಗುರ ನಿದ್ದೆಯಲ್ಲಿ ಕೂಸು ಕಣ್ಣು ಮುಚ್ಚಿಕೊಂಡೇ ಮುಲುಗುತ್ತದೆ, ಕಾಲು ಒದರುತ್ತದೆ. ನಿಜಕ್ಕೂ ಎಚ್ಚರಾಗಿದೆಯೇ ನೋಡಿ.

5. ಸೆಕೆಯನ್ನು ಲೆಕ್ಕಕ್ಕೆ ಹಿಡಿಯಿರಿ. ಕಲಬುರಗಿಯಲ್ಲಿ ಏಪ್ರಿಲ್–ಮೇ ತಿಂಗಳ ಹಗಲು 40 ಡಿಗ್ರಿ ದಾಟುತ್ತದೆ, ಗೋಡೆಗಳು ರಾತ್ರಿಯೂ ಕಾವು ಬಿಡುತ್ತವೆ. ಕೈಕಾಲು ಮುಟ್ಟಿ ತಂಪು ಎಂದು ಹೊದಿಸಬೇಡಿ, ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಬೆವರಿದ್ದರೆ ಬಟ್ಟೆ ಹೆಚ್ಚಾಗಿದೆ. ತೆಳು ಹತ್ತಿಯ ಜುಬ್ಲಾ ಸಾಕು, ಟೊಪ್ಪಿಗೆ ಬೇಡ. ಕೂಲರಿನ ಗಾಳಿ ನೇರ ಮುಖಕ್ಕೆ ಬಡಿಯದಿರಲಿ. ಮಾಳಿಗೆ ಮೇಲೆ ಮಲಗಿಸಿದರೆ ಸೊಳ್ಳೆಪರದೆ ಕಡ್ಡಾಯ. ಆರು ತಿಂಗಳೊಳಗಿನ ಕೂಸಿಗೆ ಬೇಸಿಗೆಯಲ್ಲೂ ನೀರು ಬೇಡ, ಎದೆಹಾಲೇ ಸಾಕು; ಬೇಡಿದಷ್ಟು ಸಲ ಕೊಡಿ.

6. ಅಂಗಾತ ಮಲಗಿಸಿ, ಗಟ್ಟಿ ಸಪಾಟು ಹಾಸಿಗೆಯ ಮೇಲೆ. ದಿಂಬು, ದಪ್ಪ ದುಪ್ಪಟಿ ದೂರವಿರಲಿ. ಸೀರೆಯ ಜೋಳಿಗೆಯಲ್ಲಿ ಕೂಸಿನ ಗದ್ದ ಎದೆಗೆ ಒತ್ತಿ ಉಸಿರಾಟಕ್ಕೆ ಅಡ್ಡಿಯಾಗಬಹುದು; ಕಣ್ಣೆದುರಿಗೆ ಇರುವಷ್ಟು ಹೊತ್ತು ತೂಗಿ, ರಾತ್ರಿಯಿಡೀ ಅದರಲ್ಲಿ ಬಿಡಬೇಡಿ. ಲೋಬಾನದ ಹೊಗೆಯೂ ಕೂಸಿನ ಕೋಣೆಗೆ ಬೇಡ.

7. ರಾತ್ರಿಯನ್ನು ಹಂಚಿಕೊಳ್ಳಿ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಸೂತ್ರ. ಒಂಬತ್ತಕ್ಕೆ ಹಾಲೂಡಿಸಿ ತಾಯಿ ಮಲಗಲಿ. ನಡುರಾತ್ರಿಯವರೆಗೆ ಅರಿವೆ ಬದಲಿಸುವುದು, ತಟ್ಟುವುದು, ಎತ್ತಿ ಅಡ್ಡಾಡಿಸುವುದು ಗಂಡನ ಪಾಲು. ಹಸಿದರೆ ಮಾತ್ರ ಆಕೆಯನ್ನು ಎಬ್ಬಿಸಲಿ. ಅತ್ತೆಯೋ ಅವ್ವನೋ ನಸುಕಿಗೇ ಏಳುವವರಾದರೆ ಬೆಳಗಿನ ಪಾಳಿ ಅವರದು. ಸೊಸೆ ಹಗಲು ಮಲಗಿದರೆ ಸೋಮಾರಿ ಎನ್ನಬೇಡಿ. ಕೂಸು ಮಲಗಿದಾಗಲೂ ಆಕೆಗೆ ನಿದ್ದೆ ಬರುತ್ತಿಲ್ಲ, ಸುಮ್ಮನೆ ಅಳು ಬರುತ್ತದೆ ಎಂದಾದರೆ ಅದು ಬಾಣಂತಿಯ ಖಿನ್ನತೆ ಇರಬಹುದು. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ.

ಆಶಾ ಕಾರ್ಯಕರ್ತೆ 42ನೇ ದಿನದವರೆಗೆ, ಆಮೇಲೆ 3, 6, 9, 12, 15ನೇ ತಿಂಗಳಲ್ಲಿ ಮನೆಗೆ ಬರಬೇಕು. ತೂಕದ ಜೊತೆ ನಿದ್ದೆಯ ಮಾತನ್ನೂ ಕೇಳಿ. ಕೂಸು ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಉಸಿರಿಗೆ ಪಕ್ಕೆ ಒಳಸೆಳೆದರೆ, ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಬೆಳಗಾಗುವುದನ್ನು ಕಾಯಬೇಡಿ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ.