ಮೊಣಕೈ ಎತ್ತರದ ಲೆಕ್ಕ

ಸಿಂಥಸೈಜರ್ ಎಂದರೆ ಕೀಬೋರ್ಡು ಎಂದು ತಿಳಿದವರಿಗೆ ನಮ್ಮ ಮೇಜಿನ ಮೇಲಿನ ಪೆಟ್ಟಿಗೆಗಳು ವಾದ್ಯಗಳಾಗಿ ಕಾಣುವುದಿಲ್ಲ. ಕೀಗಳಿರುವುದಿಲ್ಲ, ಇದ್ದರೂ ನೆಪಕ್ಕೆ. ಇರುವುದೆಲ್ಲ ನಾಬ್‌ಗಳು, ಸಣ್ಣ ಗುಂಡಿಗಳು, ಒಂದು ಪುಟ್ಟ ಪರದೆ. 1982ರಲ್ಲಿ ಮುಂಬೈಯ ಚರಣ್‌ಜಿತ್ ಸಿಂಗ್ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿ ರೆಕಾರ್ಡು ಮಾಡಿದಾಗ ಬಳಸಿದ ರೋಲ್ಯಾಂಡ್ ಟಿಬಿ-303 ಇಂಥದ್ದೇ ಪೆಟ್ಟಿಗೆ. ಅದಕ್ಕೆ ಸ್ವರಗಳನ್ನು ಮೊದಲೇ ತುಂಬಿಡಬೇಕು. ಅದು ನುಡಿಯುತ್ತಿರುವಾಗ ಕಟ್‌ಆಫ್, ರೆಸೊನೆನ್ಸ್ ನಾಬ್‌ಗಳನ್ನು ತಿರುಗಿಸುತ್ತಾ ನಾದದ ಬಣ್ಣ ಬದಲಿಸುತ್ತಾ ಹೋಗುವುದೇ ನುಡಿಸುವ ಕೆಲಸ. ಹಾಗಾಗಿ ಕೈ ಗಂಟೆಗಟ್ಟಲೆ ನಾಬ್‌ಗಳ ಮೇಲೇ ಇರುತ್ತದೆ. ಪೆಟ್ಟಿಗೆ ಯಾವ ಎತ್ತರದಲ್ಲಿದೆ, ಎಷ್ಟು ಓರೆಯಾಗಿ ಕೂತಿದೆ ಎಂಬುದರ ಮೇಲೆ ಇವತ್ತು ಎಷ್ಟು ಹೊತ್ತು ನುಡಿಸಬಹುದು ಎಂಬುದು ನಿಂತಿದೆ.

ಬೆಂಗಳೂರಿನ ಬಾಡಿಗೆ ಮನೆಯೊಂದರ ಮೂಲೆಯಲ್ಲಿ, ಆಫೀಸು ಮುಗಿಸಿ ಬಂದ ಮೇಲೆ ನುಡಿಸುವವನು ನಾನು. ಈ ಪೆಟ್ಟಿಗೆಗಳನ್ನು ಬಗೆಬಗೆಯ ಸ್ಟ್ಯಾಂಡುಗಳ ಮೇಲೆ ಇಟ್ಟು ನೋಡಿದ್ದೇನೆ, ಸ್ನೇಹಿತರಿಗೂ ಮಾಡಿಸಿಕೊಟ್ಟಿದ್ದೇನೆ. ಇಷ್ಟರಲ್ಲಿ ನನಗೆ ಖಚಿತವಾದದ್ದು: ಸ್ಟ್ಯಾಂಡು ಹುಡುಕುವ ಮೊದಲು ಟೇಪು ಹಿಡಿದು ಮೊಣಕೈಯ ಎತ್ತರ ಅಳೆಯಬೇಕು.

ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, ಭುಜ ಸಡಿಲ ಬಿಟ್ಟು, ಮುಂಗೈಯನ್ನು ನೆಲಕ್ಕೆ ಸಮನಾಗಿ ಚಾಚಿ ಯಾರಿಂದಲಾದರೂ ಅಳೆಸಿಕೊಳ್ಳಿ. ನನ್ನ ಮೊಣಕೈ ನೆಲದಿಂದ 66 ಸೆಂಟಿಮೀಟರ್ ಎತ್ತರದಲ್ಲಿದೆ. ಅಂಗಡಿಯಲ್ಲಿ ಸಿಗುವ ಓದುವ ಮೇಜು ಸಾಮಾನ್ಯವಾಗಿ 75. ಅದರ ಮೇಲೆ ಆರು ಸೆಂಟಿಮೀಟರ್ ದಪ್ಪದ ಯಂತ್ರ ಇಟ್ಟರೆ ನಾಬ್‌ಗಳು 81ಕ್ಕೆ ಏರುತ್ತವೆ. ಮೊಣಕೈಗಿಂತ ಹದಿನೈದು ಸೆಂಟಿಮೀಟರ್ ಮೇಲೆ ಕೈ ಎತ್ತಿ ಹಿಡಿದುಕೊಂಡೇ ಇದ್ದರೆ ಆ ಭಾರ ಹೊರುವುದು ಭುಜ ಮತ್ತು ಕತ್ತು. ಅದರ ಮೇಲೆ ಇನ್ನೊಂದು ಚಂದದ ಸ್ಟ್ಯಾಂಡು ತಂದಿಟ್ಟರೆ ನೋವು ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಕುರ್ಚಿ ಏರಿಸಿ ಕಾಲಡಿಗೆ ಮಣೆ ಹಾಕಿಕೊಳ್ಳಬಹುದು, ಇಲ್ಲವೇ ಮೇಜನ್ನೇ ತಗ್ಗಿಸಬಹುದು. ಸ್ನೇಹಿತರೊಬ್ಬರು ತಮ್ಮ ಹಳೇ ಮರದ ಮೇಜಿನ ಕಾಲುಗಳನ್ನು ಎಂಟು ಸೆಂಟಿಮೀಟರ್ ಕುಯ್ಯಿಸಿದರು. ಅವರು ತಮ್ಮ ಸಂಗೀತಕ್ಕೆ ಮಾಡಿದ ಖರ್ಚುಗಳಲ್ಲೆಲ್ಲ ಅತಿ ಕಡಿಮೆಯದ್ದು ಅದು, ಅತಿ ಹೆಚ್ಚು ಸುಖ ಕೊಟ್ಟದ್ದೂ ಅದೇ.

ಎತ್ತರ ಹೊಂದಿದ ಮೇಲೆ ಓರೆಯ ವಿಚಾರ. 2013ರಲ್ಲಿ ಬಂದ ಕೋರ್ಗ್ ವೋಲ್ಕಾ ಸಾಲಿನ ಪೆಟ್ಟಿಗೆಗಳು ನಮ್ಮಲ್ಲಿ ಅನೇಕರ ಮೊದಲ ಯಂತ್ರ. 193 ಮಿಲಿಮೀಟರ್ ಉದ್ದ, 115 ಅಗಲ. ಚಪ್ಪಟೆಯಾಗಿ ಇಟ್ಟರೆ ನಾಬ್‌ಗಳ ಕೆಳಗಿನ ಅಕ್ಷರ ಓದಲು ಕತ್ತು ಬಗ್ಗಿಸಬೇಕು. 30 ಡಿಗ್ರಿ ಓರೆ ಮಾಡಿದರೆ ಹಿಂಬದಿ ಸುಮಾರು 57 ಮಿಲಿಮೀಟರ್ ಮೇಲೇಳುತ್ತದೆ, ಅಷ್ಟಕ್ಕೇ ಇಡೀ ಮುಖ ಕಣ್ಣಿಗೆ ನೇರವಾಗುತ್ತದೆ. ನಾಬ್ ತಿರುಗಿಸುವ ಯಂತ್ರಕ್ಕೆ ಇಷ್ಟು ಓರೆ ಸೊಗಸು. ಬೆರಳಿನಿಂದ ಬಡಿಯುವ ಪ್ಯಾಡ್ ಇರುವ ಯಂತ್ರಕ್ಕೆ ಇದೇ ಓರೆ ಕೊಟ್ಟರೆ ಮಣಿಕಟ್ಟು ಮೇಲಕ್ಕೆ ಬಾಗಿಯೇ ಇರುತ್ತದೆ, ಅರ್ಧ ಗಂಟೆಯಲ್ಲಿ ಬೆರಳಿನ ಚುರುಕು ಹೋಗುತ್ತದೆ. ಅದಕ್ಕೆ 10ರಿಂದ 15 ಡಿಗ್ರಿ ಸಾಕು. ಆದ್ದರಿಂದ ಎಲ್ಲ ಯಂತ್ರಗಳಿಗೂ ಒಂದೇ ಓರೆ ಕೊಡುವ ಸ್ಟ್ಯಾಂಡುಗಳ ಮೇಲೆ ನನಗೆ ಒಲವಿಲ್ಲ. ಬಡಿಯುವುದು ಕೆಳಗೆ, ಹೆಚ್ಚುಕಡಿಮೆ ಚಪ್ಪಟೆಯಾಗಿ, ಮೈಗೆ ಹತ್ತಿರ ಇರಬೇಕು. ತಿರುಗಿಸುವುದು ಅದರ ಹಿಂದೆ, ಓರೆಯಾಗಿ. ಒಮ್ಮೆ ಹೊಂದಿಸಿ ಬಿಟ್ಟುಬಿಡುವ ಮಿಕ್ಸರು, ಎಫೆಕ್ಟ್ ಪೆಡಲುಗಳು ಇನ್ನೂ ದೂರ ಇದ್ದರೂ ನಡೆಯುತ್ತದೆ.

ಮಾರುಕಟ್ಟೆಯಲ್ಲಿ ಏನೇನೋ ಇದೆ. ಹೊರದೇಶದಲ್ಲಿ ಈ ಪೆಟ್ಟಿಗೆಗಳಿಗೆಂದೇ ಮಾಡುವ ಮರದ, ಅಕ್ರಿಲಿಕ್ ಸ್ಟ್ಯಾಂಡುಗಳು ನೋಡಲು ಮುದ್ದಾಗಿವೆ, ಆದರೆ ಸಾಗಣೆ ಮತ್ತು ಸುಂಕ ಸೇರಿದ ಮೇಲೆ ಬೆಲೆ ನೋಡಿ ಮನಸ್ಸು ಹಿಂಜರಿಯುತ್ತದೆ. ಬಾಗಿಸಿದ ತಗಡಿನ ಲ್ಯಾಪ್‌ಟಾಪ್ ಸ್ಟ್ಯಾಂಡು ನೋಡುವುದಕ್ಕೆಂದು ಮಾಡಿದ್ದು, ಬಡಿದರೆ ಕುಣಿಯುತ್ತದೆ. ಕೀಬೋರ್ಡಿನ ಎಕ್ಸ್ ಸ್ಟ್ಯಾಂಡಿನ ಮೇಲೆ ಹಲಗೆ ಹಾಕಿದರೆ ನಿಂತು ನುಡಿಸುವವರಿಗೆ ಸರಿ. ಕೂತವರಿಗೆ ಮಂಡಿ ಇಡಲು ಜಾಗ ಸಿಗದು. ಪಿವಿಸಿ ಪೈಪಿನದು ಅಗ್ಗ, ಹಗುರ, ಆದರೆ ಎರಡು ಕೆಜಿಯ ಯಂತ್ರ ಇಟ್ಟರೆ ಉದ್ದ ಪೈಪು ನಿಧಾನವಾಗಿ ಬಾಗುತ್ತದೆ.

ನಾನು ಕೊನೆಗೆ ನೆಚ್ಚಿಕೊಂಡದ್ದು ಪ್ಲೈವುಡ್ಡನ್ನು. ಕ್ಯಾಬಿನೆಟ್ ಕೆಲಸ ಮಾಡುವ ಕಡೆ 12 ಮಿಲಿಮೀಟರಿನ ತುಂಡುಗಳು ಉಳಿದೇ ಇರುತ್ತವೆ. ರಟ್ಟಿನಲ್ಲಿ ತ್ರಿಕೋನ ಕತ್ತರಿಸಿ, ಯಂತ್ರವನ್ನು ಅದರ ಮೇಲಿಟ್ಟು ಒಂದೆರಡು ಸಂಜೆ ನುಡಿಸಿ ನೋಡಿ, ಓರೆ ಒಪ್ಪಿಗೆಯಾದ ಮೇಲೆ ಆ ರಟ್ಟನ್ನೇ ನಮ್ಮ ಬೀದಿಯ ಆಚಾರರ ಬಳಿ ಒಯ್ದೆ.

"ಲ್ಯಾಪ್‌ಟಾಪ್ ಇಡೋಕಾ ಸಾರ್?"

"ಇಲ್ಲ ಆಚಾರ್ರೇ, ಮ್ಯೂಸಿಕ್ ಮಷೀನು. ಮೇಲೆ ಬೆರಳಲ್ಲಿ ಬಡೀತಾ ಇರ್ತೀನಿ."

"ಬಡಿಯೋದಾದ್ರೆ ಹಿಂದೆ ಅಡ್ಡಪಟ್ಟಿ ಕೊಡಲೇಬೇಕು. ಇಲ್ಲಾಂದ್ರೆ ಎರಡು ತಿಂಗಳಿಗೆ ಸೊಟ್ಟಗಾಗುತ್ತೆ."

ಎರಡು ತ್ರಿಕೋನ, ನಡುವೆ ಹಲಗೆ, ಹಿಂದೆ ಅಡ್ಡಪಟ್ಟಿ. ಫೆವಿಕಾಲ್ ಹಚ್ಚುವ ಮೊದಲು ಬರೀ ಸ್ಕ್ರೂ ಬಿಗಿದು, ಅಂಗೈ ಊರಿ ಮೂಲೆಯಿಂದ ಮೂಲೆಗೆ ಒತ್ತಿ ನೋಡಿದರು. ಒಂದು ಕಡೆ ಕೂದಲೆಳೆಯಷ್ಟು ಅಲುಗಿತು. ಬಿಚ್ಚಿ, ಆ ಕಾಲಿನ ಅಡಿಗೆ ಉಪ್ಪುಕಾಗದ ಉಜ್ಜಿ, ಮತ್ತೆ ಒತ್ತಿದರು. ಅಲುಗಲಿಲ್ಲ. ಯಂತ್ರ ಜಾರದಂತೆ ತಡೆಯುವ ಮುಂದಿನ ಪಟ್ಟಿಯನ್ನು ಎಂಟು ಮಿಲಿಮೀಟರಿಗೆ ಇಳಿಸಿ ಅದರ ಅಂಚನ್ನು ಗುಂಡಗೆ ಮಾಡಿಸಿದೆ; ಎತ್ತರದ ಪಟ್ಟಿ ಮಣಿಕಟ್ಟಿಗೆ ಒತ್ತುತ್ತದೆ. ಹಲಗೆಯ ಮೇಲೆ ಅಡುಗೆಮನೆ ಡ್ರಾಯರಿಗೆ ಹಾಸುವ ರಬ್ಬರ್ ಜಾಲರಿ. ಮರ, ಕೂಲಿ ಎಲ್ಲ ಸೇರಿ ಸಾವಿರ ರೂಪಾಯಿಯೊಳಗೆ ಮುಗಿಯಿತು.

ಎರಡು ಅಂತಸ್ತು ಮಾಡಿಸುವವರು ಕೇಬಲ್ಲಿನ ದಾರಿ ಮೊದಲು ನೋಡಬೇಕು. ವೋಲ್ಕಾದ ಮಿಡಿ, ಸಿಂಕ್, ಹೆಡ್‌ಫೋನ್ ಕಿಂಡಿಗಳು ಹಿಂದೆ ಇಲ್ಲ, ಮೇಲ್ಮೈಯಲ್ಲೇ ಇವೆ. ಪ್ಲಗ್ಗು ನೆಟ್ಟಗೆ ಮೇಲಕ್ಕೆ ನಿಲ್ಲುತ್ತದೆ. ಅದರ ಮೇಲೆ ಇನ್ನೊಂದು ಹಲಗೆ ಚಾಚಿಕೊಂಡಿದ್ದರೆ ಪ್ಲಗ್ಗು ತಾಗುತ್ತದೆ, ಇಲ್ಲವೇ ಕೇಬಲ್ಲು ಬುಡದಲ್ಲಿ ಮುರಿಯುವಷ್ಟು ಮಡಚುತ್ತದೆ. ಹಿಂದೆ ಕಿಂಡಿ ಇರುವ ಯಂತ್ರಗಳಿಗೂ ನೇರ ಪ್ಲಗ್ಗು, ಕೇಬಲ್ ಬಾಗುವ ಜಾಗ ಸೇರಿ ಏಳೆಂಟು ಸೆಂಟಿಮೀಟರ್ ಬಿಡಬೇಕು. ಮೂಲೆ ತಿರುಗಿದ ಎಲ್ ಪ್ಲಗ್ಗು ಹಾಕಿದರೆ ಅದರಲ್ಲಿ ಅರ್ಧ ಉಳಿಯುತ್ತದೆ. ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ಬಿಡಿ ಪ್ಲಗ್ಗು ತಂದು ಬೆಸುಗೆ ಹಾಕಿಕೊಂಡರೆ ಕೇಬಲ್ಲಿನ ಉದ್ದವೂ ನಮಗೆ ಬೇಕಾದಷ್ಟೇ ಆಗುತ್ತದೆ.

ಎಲೆಕ್ಟ್ರಾನ್ ಕಂಪನಿಯ ಡಿಜಿಟಾಕ್ಟ್ ಇರುವವರಿಗೆ ಇನ್ನೊಂದು ದಾರಿ ಇದೆ. ಅದರ ತಳದಲ್ಲಿ ಮಾನಿಟರುಗಳಿಗೆ ಇರುವಂಥದ್ದೇ ವೇಸಾ ತೂತುಗಳಿವೆ, 100ಕ್ಕೆ 100 ಮಿಲಿಮೀಟರ್ ಅಂತರದಲ್ಲಿ. ಎಂ4 ಸ್ಕ್ರೂ ಬೇಕು, ಒಳಗೆ 7 ಮಿಲಿಮೀಟರಿಗಿಂತ ಹೆಚ್ಚು ಹೋಗಕೂಡದು. 12 ಮಿಲಿಮೀಟರ್ ಪ್ಲೈವುಡ್ಡಿಗೆ 16ರ ಸ್ಕ್ರೂ ಹಾಕಿದರೆ ಒಳಗೆ ಹೋಗುವುದು ನಾಲ್ಕೇ, ಯಂತ್ರ ಹಲಗೆಗೆ ಭದ್ರವಾಗಿ ಕೂರುತ್ತದೆ. ಮಾನಿಟರಿನ ತೋಳಿಗೂ ಸಿಕ್ಕಿಸಬಹುದು. ಆದರೆ ಗ್ಯಾಸ್ ಸ್ಪ್ರಿಂಗ್ ಇರುವ ತೋಳು ಮಾನಿಟರಿನ ಭಾರಕ್ಕೆ ಮಾಡಿದ್ದು, ಒಂದೂವರೆ ಕೆಜಿಯ ಯಂತ್ರವನ್ನು ಅದು ಮೇಲಕ್ಕೆ ತಳ್ಳಬಹುದು; ಸ್ಕ್ರೂ ಬಿಗಿದು ನಿಲ್ಲಿಸುವ ಸಾದಾ ತೋಳೇ ವಾಸಿ. ಜೋರಾಗಿ ಬಡಿಯುವವರಿಗೆ ತೋಳು ಬೇಡವೇ ಬೇಡ.

ಇಷ್ಟೆಲ್ಲ ಮೇಜು ಕುರ್ಚಿಯ ಮಾತಾಯಿತು. ನನಗೆ ಅತ್ಯಂತ ಹಿತವಾದ ಸ್ಟ್ಯಾಂಡು ಮಾತ್ರ ನೆಲದ ಮೇಲಿದೆ. ಹಳೇ ಪೇಟೆಯ ಅಂಗಡಿಗಳಲ್ಲಿ ಗುಮಾಸ್ತರು ಚಾಪೆಯ ಮೇಲೆ ಕೂತು ಲೆಕ್ಕ ಬರೆಯುತ್ತಿದ್ದ, ಇಳಿಜಾರು ಮುಚ್ಚಳದ ಮರದ ಡೆಸ್ಕು ನೆನಪಿರಬಹುದು. ಅಂಥದ್ದೊಂದು ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ಬರೆಯುವ ಕೈಗೆ ಹೊಂದುವ ಇಳಿಜಾರು ಪ್ಯಾಡ್ ಬಡಿಯುವ ಕೈಗೂ ಹೊಂದುತ್ತದೆ. ದಪ್ಪನೆಯ ದಿಂಬಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಮೊಣಕೈ ತಾನಾಗಿ ಮುಚ್ಚಳದ ಮಟ್ಟಕ್ಕೆ ಬರುತ್ತದೆ. ದಿಂಬು ಮುಖ್ಯ, ಸೊಂಟ ಮಂಡಿಗಿಂತ ಮೇಲಿದ್ದರೆ ಬೆನ್ನು ಕುಸಿಯುವುದಿಲ್ಲ. ವೀಣೆ, ತಬಲಾ, ಹಾರ್ಮೋನಿಯಂ ನುಡಿಸುವವರು ಕೂರುವುದೂ ನೆಲದ ಮೇಲೆಯೇ. ಚಿಕ್ಕಂದಿನಿಂದ ಅದನ್ನೇ ನೋಡಿದ ನನಗೆ ಸಿಂಥ್ ಮುಂದೆ ಹಾಗೆ ಕೂತಾಗ ನುಡಿಸಲು ಕೂತಿದ್ದೇನೆ ಎನ್ನಿಸುತ್ತದೆ, ಕಂಪ್ಯೂಟರ್ ಕೆಲಸಕ್ಕೆ ಕೂತ ಹಾಗಲ್ಲ.

ಡೆಸ್ಕಿನ ಹೊಟ್ಟೆ ಇನ್ನೊಂದು ಅನುಕೂಲ. ಅಡಾಪ್ಟರುಗಳು, ಪವರ್ ಸ್ಟ್ರಿಪ್ಪು, ಹೆಚ್ಚುವರಿ ಕೇಬಲ್ಲುಗಳೆಲ್ಲ ಅದರೊಳಗೆ. ಹಿಂಬದಿಯಲ್ಲಿ ಕೇಬಲ್ಲಿಗೆ ಒಂದು ದೊಡ್ಡ ತೂತು, ಎರಡು ಪಕ್ಕದಲ್ಲಿ ಗಾಳಿಯಾಡಲು ಸಣ್ಣ ತೂತುಗಳ ಸಾಲು ಕೊರೆಸಿದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅಡಾಪ್ಟರು ಬಿಸಿಯಾಗುತ್ತದೆ. ಮಂಡಿ ನೋವಿರುವವರಿಗೆ ಇದು ಆಗದು, ಅವರಿಗೆ ಕಾಲು ಕುಯ್ದ ಮೇಜೇ ಸರಿ.

ಹೊರಗೆ ನುಡಿಸಲು ಹೋಗುವಾಗ ಡೆಸ್ಕು ಹೊರಲಾಗದು. ಆಗ ಪ್ಲೈವುಡ್ ಸ್ಟ್ಯಾಂಡು ಚೀಲ ಸೇರುತ್ತದೆ. ಮೊದಲೇ ಫೋನು ಮಾಡಿ ಅಲ್ಲಿನ ಮೇಜಿನ ಎತ್ತರ ಕೇಳುತ್ತೇನೆ, ನಿಂತು ನುಡಿಸಬೇಕೋ ಕೂತೋ ಎಂದು ಆಮೇಲೆ ತೀರ್ಮಾನಿಸುತ್ತೇನೆ. 75ರ ಮೇಜು ಕೂತವರಿಗೆ ಎತ್ತರ, ನಿಂತವರಿಗೆ ತಗ್ಗು. ನಿಲ್ಲುವುದಾದರೆ ಮೇಜಿನ ಕಾಲುಗಳಿಗೆ ಎತ್ತರ ಕೊಡಲು ಒಂದೇ ಅಳತೆಯ ನಾಲ್ಕು ಮರದ ದಿಮ್ಮಿಗಳನ್ನೂ ಆಚಾರರಿಂದಲೇ ಮಾಡಿಸಿಟ್ಟುಕೊಂಡಿದ್ದೇನೆ. ಕಾಲು ಜಾರದಂತೆ ಅವರು ಪ್ರತಿಯೊಂದರ ನಡುವೆ ಒಂದು ಗುಳಿ ತೋಡಿಕೊಟ್ಟಿದ್ದಾರೆ.